‘ಕೆಲಸ ನಿಲ್ಲಿಸಿ’ ಎನ್ನುವುದನ್ನೂ ಕಲಿಸಿ: ಸೈಟ್ ನಿರ್ವಹಣೆಯ ತರಬೇತಿ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಟ್ಟಡ ಕೆಲಸದ ವೃತ್ತಿ ತರಬೇತಿಗೆ ಪಠ್ಯ ಬರೆಯುವವರು, ತರಬೇತಿ ಕೇಂದ್ರ ನಡೆಸುವವರು, ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವವರು, ನಿಮ್ಮೆಲ್ಲರಿಗೂ ನಮಸ್ಕಾರ.

ನಾನೊಬ್ಬ ಸೈಟ್ ಇನ್‌ಚಾರ್ಜ್. ಈ ಕೆಲಸಕ್ಕೆ ಬಂದು 26 ವರ್ಷ ಆಯಿತು. ಮೊದಲು ಜಲ್ಲಿ ಹೊತ್ತೆ. ಆಮೇಲೆ ಕಂಬಿ ಕಟ್ಟುವವರ ಜೊತೆ ಸೇರಿದೆ. ಅಲ್ಲಿಂದ ಸೂಪರ್‌ವೈಸರ್ ಆಗಿ, ಈಗ ಈ ಜವಾಬ್ದಾರಿಗೆ ಬಂದಿದ್ದೇನೆ. ನಿಮ್ಮಲ್ಲಿ ತರಬೇತಿ ಮುಗಿಸಿದ ಹುಡುಗ ಹುಡುಗಿಯರು ತುಂಬಾ ಜನ ನನ್ನ ಜೊತೆ ಕೆಲಸ ಮಾಡಿದ್ದಾರೆ. ಎರಡು ಮೂರು ಸಲ ಪರೀಕ್ಷಕನಾಗಿ ತರಬೇತಿ ಕೇಂದ್ರಕ್ಕೂ ಹೋಗಿದ್ದೇನೆ. ಎರಡೂ ಕಡೆ ಕಂಡದ್ದನ್ನು ನಿಮ್ಮ ಮುಂದೆ ಇಡಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಯಾವ ಕೇಂದ್ರದ ಹೆಸರನ್ನೂ ಹೇಳುವುದಿಲ್ಲ. ಒಂದೇ ಕೇಂದ್ರದ ತಪ್ಪಾಗಿದ್ದರೆ ಅವರಿಗೇ ಹೇಳಿ ಮುಗಿಸುತ್ತಿದ್ದೆ.

ಮೊದಲು ಒಂದು ಬೆಳಗಿನ ಕಥೆ ಹೇಳುತ್ತೇನೆ.

ಪೈಪ್ ಹಾಕಲು ಟ್ರೆಂಚ್, ಅಂದರೆ ಉದ್ದನೆಯ ಕಿರಿದಾದ ಗುಂಡಿ, ತೋಡಿದ್ದೆವು. ಆಳ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಿದ್ದರು. ಪಕ್ಕದ ಮಣ್ಣಿಗೆ ಹಲಗೆಯ ಆಸರೆ ಕೊಟ್ಟಿರಲಿಲ್ಲ. ಇಬ್ಬರು ಕೆಳಗಿಳಿದು ತಳ ಸಮ ಮಾಡುತ್ತಿದ್ದರು. ಮೇಲೆ ನಿಂತಿದ್ದವನು ನಮ್ಮ ಹೊಸ ಸೂಪರ್‌ವೈಸರ್. ತರಬೇತಿ ಮುಗಿಸಿ ಬಂದು ಐದು ತಿಂಗಳಾಗಿತ್ತು. ಒಳ್ಳೆಯ ಹುಡುಗ, ಕೆಲಸದಲ್ಲಿ ಶ್ರದ್ಧೆ ಇತ್ತು. ಅಂಚಿನಿಂದ ಎರಡು ಅಡಿ ದೂರದಲ್ಲಿ, ಟ್ರೆಂಚಿನ ಉದ್ದಕ್ಕೂ ನೆಲದಲ್ಲಿ ಒಂದು ಸಣ್ಣ ಬಿರುಕು ಬಿಟ್ಟಿತ್ತು. ಅವನು ಅದನ್ನು ನೋಡಿದ. ಹಾಗೆ ಬಿರುಕು ಬಿಟ್ಟರೆ ಏನರ್ಥ ಅಂತ ಅವನಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಸರಿಯಾದ ಉತ್ತರ ಬರೆದು ಬಂದಿದ್ದ.

ಇಬ್ಬರಲ್ಲಿ ಹಿರಿಯರು ನೀರು ಕುಡಿಯಲು ಏಣಿ ಹತ್ತಿದರು. ಅವರು ಮೇಲೆ ಬರುವಷ್ಟರಲ್ಲಿ ಪಕ್ಕದ ಮಣ್ಣು ಕುಸಿಯಿತು. ಕೆಳಗಿದ್ದವನು ಎದೆಯವರೆಗೆ ಹೂತುಹೋದ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿನ ಆಸುಪಾಸು ತೂಗುತ್ತದೆ, ನೀರು ಕುಡಿದಿದ್ದರೆ ಇನ್ನೂ ಜಾಸ್ತಿ. ತಲೆ ಹೊರಗಿದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಉಸಿರು ಬಿಟ್ಟಾಗ ಎದೆ ತಗ್ಗುತ್ತದೆ, ಆ ಜಾಗಕ್ಕೆ ಮಣ್ಣು ಬಿಗಿಯುತ್ತದೆ, ಮತ್ತೆ ಉಸಿರೆಳೆಯಲು ಎದೆ ಹಿಗ್ಗುವುದಿಲ್ಲ. ಜೆಸಿಬಿ ಪಕ್ಕದಲ್ಲೇ ನಿಂತಿತ್ತು. ಅದರಲ್ಲಿ ಅಗೆದರೆ ಮನುಷ್ಯನಿಗೇ ತಗಲುತ್ತದೆ. ಕೈಯಲ್ಲೇ ಮಣ್ಣು ತೆಗೆದೆವು. ಕಾಪಾಡಲು ಇಳಿಯುವ ಮೊದಲೂ ಪಕ್ಕಕ್ಕೆ ಆಸರೆ ಕೊಡಬೇಕು. ಅಂದು ಅದು ಯಾರಿಗೂ ನೆನಪಾಗಲಿಲ್ಲ. ನಾಲ್ಕು ಜನ ಹಾಗೇ ಹಾರಿದರು. ಇನ್ನೊಂದು ಸಲ ಕುಸಿದಿದ್ದರೆ ಆ ನಾಲ್ವರೂ ಒಳಗೇ.

ಹೂತುಹೋದವನು ಬದುಕಿದ. ಸೊಂಟದ ಮೂಳೆ ಮುರಿದಿತ್ತು. ಈಗ ನಡೆಯುತ್ತಾನೆ, ಆದರೆ ಭಾರ ಎತ್ತುವ ಹಾಗಿಲ್ಲ. ಆ ಹೊತ್ತಿಗೆ ನಾನು ಆಫೀಸಿನಲ್ಲಿ ಬಿಲ್ಲಿನ ಲೆಕ್ಕಕ್ಕೆ ಕೂತಿದ್ದೆ. ಆ ಸೈಟಿನ ಹೊಣೆ ನನ್ನದು. ಅದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ಸಂಜೆ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಅವನು ಅಳುತ್ತಲೇ ಹೇಳಿದ: “ಬಿರುಕು ನೋಡಿದೆ ಸಾರ್. ಮೇಸ್ತ್ರಿಗೆ ಹೇಳಿದೆ. ಏನೂ ಆಗಲ್ಲ, ಹತ್ತು ನಿಮಿಷದ ಕೆಲಸ ಅಂದ್ರು. ನಿಲ್ಸಿ ಅನ್ನೋಕೆ ನಾನ್ಯಾರು ಅಂತ ಸುಮ್ನಾದೆ.”

ಈ ಮಾತನ್ನು ನೀವು ಇನ್ನೊಮ್ಮೆ ಓದಬೇಕು ಅಂತ ಕೇಳಿಕೊಳ್ಳುತ್ತೇನೆ. ಅವನಿಗೆ ತಿಳಿವಳಿಕೆ ಕಡಿಮೆ ಇರಲಿಲ್ಲ. ನೀವು ಕಲಿಸಿದ್ದನ್ನೆಲ್ಲ ಅವನು ಕಲಿತಿದ್ದ. ನೀವು ಕಲಿಸದೆ ಬಿಟ್ಟದ್ದೇ ಆ ಬೆಳಿಗ್ಗೆ ಬೇಕಾಗಿತ್ತು.

ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮಗಳಲ್ಲಿ, ಟ್ರೆಂಚಿನ ಕೆಲಸವನ್ನು ನೋಡಿಕೊಳ್ಳುವ ‘ಸಮರ್ಥ ವ್ಯಕ್ತಿ’ ಯಾರು ಎಂಬುದಕ್ಕೆ ಒಂದು ವಿವರಣೆ ಇದೆ. ಅದರಲ್ಲಿ ಎರಡು ಭಾಗ. ಅಪಾಯವನ್ನು ಗುರುತಿಸಬಲ್ಲವನಾಗಿರಬೇಕು. ಜೊತೆಗೆ, ಅದನ್ನು ತಕ್ಷಣ ಸರಿಪಡಿಸುವ ಅಧಿಕಾರವೂ ಅವನಿಗಿರಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಅವನನ್ನು ಸಮರ್ಥ ಎನ್ನುವ ಹಾಗಿಲ್ಲ. ಅದೇ ನಿಯಮದ ಪ್ರಕಾರ 5 ಅಡಿ ಅಥವಾ ಅದಕ್ಕಿಂತ ಆಳದ ಟ್ರೆಂಚಿಗೆ, ಗಟ್ಟಿ ಬಂಡೆಯಲ್ಲಿ ಕೊರೆದಿದ್ದರೆ ಹೊರತು, ಕುಸಿಯದ ಹಾಗೆ ರಕ್ಷಣೆ ಬೇಕು. ಅಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 2 ಅಡಿ ದೂರ ಇಡಬೇಕು. ದಿನಾ ಕೆಲಸಕ್ಕೆ ಮೊದಲು ಮತ್ತು ಪ್ರತಿ ಮಳೆಯ ನಂತರ ನೋಡಬೇಕು. ಈ ಅಳತೆಗಳನ್ನು ಯಾವ ದೇಶದ ಹುಡುಗನಿಗಾದರೂ ಒಂದು ಗಂಟೆಯಲ್ಲಿ ಬಾಯಿಪಾಠ ಮಾಡಿಸಬಹುದು. ಆದರೆ ತನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮೇಸ್ತ್ರಿಯ ಎದುರು ನಿಂತು “ಮೊದಲು ಮೇಲೆ ಬನ್ನಿ, ಆಮೇಲೆ ಮಾತಾಡೋಣ” ಎನ್ನುವುದು ಬಾಯಿಪಾಠದಿಂದ ಬರುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು. ಈಜು ಕಲಿಸಿದ ಹಾಗೆ ಕಲಿಸಬೇಕು, ನೀರಿಗೆ ಇಳಿಸಿಯೇ.

ಇದು ಟ್ರೆಂಚಿಗೆ ಮಾತ್ರ ಸೇರಿದ ಮಾತಲ್ಲ. 1978ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ವಿಲೋ ಐಲ್ಯಾಂಡ್‌ನಲ್ಲಿ ವಿದ್ಯುತ್ ಸ್ಥಾವರಕ್ಕೆ ಕೂಲಿಂಗ್ ಟವರ್, ಅಂದರೆ ನೀರು ತಣ್ಣಗಾಗಿಸುವ ಎತ್ತರದ ಗೋಪುರ, ಕಟ್ಟುತ್ತಿದ್ದರು. ಸಾರುವೆಗೆ ನೆಲದಿಂದ ಆಧಾರ ಇರಲಿಲ್ಲ. ಕಟ್ಟುತ್ತಿದ್ದ ಕಾಂಕ್ರೀಟ್ ಗೋಡೆಗೇ ಅದನ್ನು ಬಿಗಿದಿದ್ದರು. ಕಟ್ಟಿದಷ್ಟೂ ಸಾರುವೆ ಮೇಲೇರುತ್ತಿತ್ತು. ಆ ದಿನ ಇಡೀ ಭಾರ ಹಿಂದಿನ ದಿನವಷ್ಟೇ ಹಾಕಿದ ಕಾಂಕ್ರೀಟಿನ ಮೇಲೆ ಬಿತ್ತು. ಅದಕ್ಕೆ ಇನ್ನೂ ಅಷ್ಟು ಗಟ್ಟಿತನ ಬಂದಿರಲಿಲ್ಲ. ಗೋಡೆ ಕಳಚಿಕೊಂಡು ಸಾರುವೆ ಸಮೇತ 51 ಜನ ಕೆಳಗೆ ಬಿದ್ದು ಸತ್ತರು. ಕಾಂಕ್ರೀಟ್ ತಣ್ಣನೆಯ ಹವೆಯಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದದ್ದು ಆ ಬೆಳಿಗ್ಗೆ “ಇವತ್ತು ಬೇಡ, ನಾಳೆ ನೋಡೋಣ” ಎಂಬ ಮಾತಾಗಿ ಹೊರಬರಲಿಲ್ಲ.

ಈಗ ನಿಮ್ಮ ಕಡೆ ನಾನು ಕಂಡದ್ದಕ್ಕೆ ಬರುತ್ತೇನೆ.

ಒಂದು ಕೇಂದ್ರದಲ್ಲಿ ಅಭ್ಯರ್ಥಿಗಳ ಲಾಗ್‌ಬುಕ್ ನೋಡಲು ಕೊಟ್ಟರು. ಸೈಟಿನಲ್ಲಿ ದಿನವೂ ಏನು ಮಾಡಿದೆವು, ಏನು ನೋಡಿದೆವು ಅಂತ ಬರೆಯುವ ಪುಸ್ತಕ ಅದು. ಅಕ್ಷರ ಮುದ್ದಾಗಿತ್ತು. ಮೂರು ತಿಂಗಳ ಬರವಣಿಗೆ ಒಂದೇ ಪೆನ್ನಿನಲ್ಲಿತ್ತು. ಒಂದು ಕಡೆಯೂ ಸಿಮೆಂಟಿನ ಕಲೆ ಇರಲಿಲ್ಲ. ಅದೆಲ್ಲ ಇರಲಿ. ಒಂದು ಪುಟದಲ್ಲಿ 3ನೇ ತಾರೀಖು ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿದ್ದು, ಕ್ಯೂಬ್ ತೆಗೆದಿದ್ದು ಅಂತ ಬರೆದಿತ್ತು. ಕ್ಯೂಬ್ ಅಂದರೆ ಬಲ ಪರೀಕ್ಷಿಸಲು ಅದೇ ಕಾಂಕ್ರೀಟಿನಿಂದ ಮಾಡಿಡುವ ಚೌಕದ ತುಂಡು, 28 ದಿನ ಆದ ಮೇಲೆ ಅದನ್ನು ಒತ್ತಿ ನೋಡುತ್ತಾರೆ. ಮುಂದಿನ ಪುಟದಲ್ಲಿ, ಅದೇ ತಿಂಗಳ 15ನೇ ತಾರೀಖಿನಲ್ಲಿ, ಆ ಕ್ಯೂಬಿನ 28 ದಿನದ ರಿಸಲ್ಟ್ ಇತ್ತು! ಹನ್ನೆರಡು ದಿನಕ್ಕೆ 28 ದಿನದ ರಿಸಲ್ಟ್ ಎಲ್ಲಿಂದ ಬರುತ್ತದೆ? ಕೆಳಗೆ ತರಬೇತುದಾರರ ಸಹಿ. ಅದರ ಕೆಳಗೆ ಪರಿಶೀಲಿಸಿದವರ ಸಹಿ. ಮೂರು ಜನರ ಕೈಯಲ್ಲಿ ಆ ಪುಟ ದಾಟಿತ್ತು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ವಿಚಾರಿಸಿದೆ. ಆ ಲಾಗ್‌ಬುಕ್ ಬರೆದ ಹುಡುಗಿ ಸೈಟಿಗೆ ಹೋಗಿದ್ದು ಒಟ್ಟು ನಾಲ್ಕು ದಿನ. ಉಳಿದದ್ದನ್ನು ಪರೀಕ್ಷೆಗೆ ಮುಂಚೆ ಎಲ್ಲರೂ ಒಟ್ಟಿಗೆ ಕೂತು, ಒಂದು ಹಳೆಯ ಪುಸ್ತಕ ನೋಡಿ ತುಂಬಿಸಿದ್ದರು. “ಎಲ್ಲರೂ ಹೀಗೇ ಮಾಡ್ತಾರೆ ಸಾರ್, ಮಾಡಿ ಅಂತ ಹೇಳಿದ್ರು” ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸೈಟಿಗೆ ಕಳುಹಿಸದೆ ಸೈಟಿನ ಪುಸ್ತಕ ಕೇಳಿದರೆ ಅವಳು ಇನ್ನೇನು ಮಾಡಬೇಕು? ಆದರೆ ಅವಳು ನಮ್ಮಲ್ಲಿಗೆ ಬರುವ ಮೊದಲೇ ಒಂದು ಪಾಠ ಕಲಿತಾಗಿತ್ತು: ರಿಜಿಸ್ಟರ್ ಅಂದರೆ ಆಮೇಲೆ ತುಂಬಿಸುವಂಥದ್ದು. ಮುಂದೆ ಅವಳಿಗೆ ಸಾರುವೆ ಪರೀಕ್ಷಿಸುವ ರಿಜಿಸ್ಟರ್ ಕೊಡುತ್ತೇವೆ. ಹೊರಗೆ ಹೋಗಿ ನೋಡದೆ ‘ಸರಿ ಇದೆ’ ಅಂತ ಬರೆಯುವುದು ಅವಳಿಗೆ ತಪ್ಪು ಅಂತ ಅನ್ನಿಸುವುದೇ ಇಲ್ಲ. ಆ ಸಾರುವೆಯ ಮೇಲೆ ಹತ್ತು ಜನ ಹತ್ತುತ್ತಾರೆ. ಕಟ್ಟಡದ ಕೆಲಸದಲ್ಲಿ ಎತ್ತರದಿಂದ ಬಿದ್ದು ಸಾಯುವವರೇ ಜಾಸ್ತಿ ಎಂಬುದು ನಿಮಗೂ ಗೊತ್ತಿದೆ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಕಲಿಯುವವರನ್ನು ಸೈಟಿಗೆ ಸೇರಿಸಿಕೊಳ್ಳಲು ಕಾಂಟ್ರಾಕ್ಟರುಗಳು ಒಪ್ಪುವುದಿಲ್ಲ. ಏನಾದರೂ ಆದರೆ ಯಾರು ಹೊಣೆ ಅಂತ ಕೇಳುತ್ತಾರೆ. ನಾನೇ ಒಂದು ಕಾಲದಲ್ಲಿ ಹೀಗೆ ಕೇಳಿ ನಾಲ್ಕು ಜನರನ್ನು ವಾಪಸ್ ಕಳುಹಿಸಿದ್ದೇನೆ. ಹಾಗೆ ಮಾಡಬಾರದಿತ್ತು. ಆದರೆ ಸೈಟ್ ಸಿಗಲಿಲ್ಲ ಅಂದರೆ ತರಬೇತಿ ಮುಗಿದಿಲ್ಲ ಅಂತಲೇ ಬರೆಯಬೇಕು. ಪುಸ್ತಕ ತುಂಬಿಸುವುದು ಅದಕ್ಕೆ ಪರಿಹಾರ ಆಗುವುದಿಲ್ಲ.

ಬೇರೆ ದಾರಿಗಳೂ ಇವೆ. ಜರ್ಮನಿಯಲ್ಲಿ ವೃತ್ತಿ ಕಲಿಯುವವರು ವಾರದ ಹೆಚ್ಚು ದಿನ ಕಂಪನಿಯಲ್ಲಿ ಕೆಲಸ ಮಾಡುತ್ತಾ, ಉಳಿದ ದಿನ ಶಾಲೆಯಲ್ಲಿ ಪಾಠ ಕೇಳುತ್ತಾರೆ. ಅಲ್ಲಿ ಸೈಟಿನ ಮೇಲ್ವಿಚಾರಕನನ್ನು ‘ಪೋಲಿಯರ್’ ಅನ್ನುತ್ತಾರೆ. ವರ್ಷಗಟ್ಟಲೆ ಕೈಯಾರೆ ಕೆಲಸ ಮಾಡಿ, ಆಮೇಲೆ ಪರೀಕ್ಷೆ ಕೊಟ್ಟು ಆ ಜಾಗಕ್ಕೆ ಬರುತ್ತಾರೆ. ಬ್ರಿಟನ್ನಿನ ಎನ್‌ವಿಕ್ಯು (ರಾಷ್ಟ್ರೀಯ ವೃತ್ತಿ ಅರ್ಹತೆ) ಪದ್ಧತಿಯಲ್ಲಿ ಪರೀಕ್ಷಾ ಕೊಠಡಿಗಿಂತ ಕೆಲಸದ ಜಾಗವೇ ಮುಖ್ಯ. ಅಭ್ಯರ್ಥಿ ತಾನು ನಿಜವಾಗಿ ಮಾಡಿದ ಕೆಲಸದ ದಾಖಲೆ ತೋರಿಸಬೇಕು. ಪರೀಕ್ಷಕರು ಅವನು ಕೆಲಸ ಮಾಡುವುದನ್ನು ನೋಡಿ, ಕೂತು ಪ್ರಶ್ನೆ ಕೇಳಿ ನಿರ್ಧರಿಸುತ್ತಾರೆ. ಯಾವುದನ್ನೂ ಹಾಗೆಹಾಗೇ ತಂದು ಹಚ್ಚಿ ಅಂತ ಹೇಳುತ್ತಿಲ್ಲ. ಕೆಲಸ ನಡೆಯುವ ಜಾಗದಲ್ಲಿ ನೋಡದೆ ಯೋಗ್ಯತೆ ಅಳೆಯಬಾರದು ಎಂಬ ಒಂದು ಅಂಶವನ್ನಾದರೂ ತೆಗೆದುಕೊಳ್ಳಬಹುದು ಅಲ್ವಾ?

ಪಠ್ಯದ ಬಗ್ಗೆ ಜಾಸ್ತಿ ದೂರಿಲ್ಲ. ಮಿಲಿಮೀಟರಿನಲ್ಲಿ ಅಳೆದ ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. 12 ಮಿಲಿಮೀಟರ್ ಕಂಬಿಗೆ 0.89 ಕಿಲೋ, ತಕ್ಷಣ ಉತ್ತರ ಬರುತ್ತದೆ. ಹಸಿ ಕಾಂಕ್ರೀಟ್ ಎಷ್ಟು ಸಡಿಲ ಇದೆ ಅಂತ ನೋಡುವ ಸ್ಲಂಪ್ ಟೆಸ್ಟ್ ಯಾಕೆ ಅಂದರೂ ಹೇಳುತ್ತಾರೆ. ಆದರೆ ನಮಗೆ ಸೈಟಿನಲ್ಲಿ ಬೇಕಾಗುವುದು ಅದರ ಮುಂದಿನ ಹೆಜ್ಜೆ. ಕಾಂಕ್ರೀಟ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಬಂದಿದೆ. ಕಾಂಕ್ರೀಟ್ ಬಿಗಿಯಾಗಿದೆ. ಪಂಪಿನವನು “ಸ್ವಲ್ಪ ನೀರು ಬಿಡಿ” ಅನ್ನುತ್ತಾನೆ. ನೀರು ಬಿಟ್ಟರೆ ಹಾಕಲು ಸುಲಭ, ಕಾಂಕ್ರೀಟಿನ ಬಲ ಕಡಿಮೆಯಾಗುತ್ತದೆ. ಲಾರಿ ವಾಪಸ್ ಕಳುಹಿಸಿದರೆ ಅರ್ಧ ಹಾಕಿದ ಸ್ಲ್ಯಾಬ್ ಎಲ್ಲಿ ನಿಲ್ಲಬೇಕು, ಹಳೆಯದಕ್ಕೆ ಹೊಸದು ಸೇರುವ ಜಾಯಿಂಟ್ ಎಲ್ಲಿ ಕೊಡಬೇಕು ಎಂಬ ಪ್ರಶ್ನೆ. ಮೂವತ್ತು ಜನ ಕೆಲಸಗಾರರು ಸೂಪರ್‌ವೈಸರ್ ಮುಖ ನೋಡುತ್ತಿದ್ದಾರೆ. ಸೈಟ್ ನಿರ್ವಹಣೆ ಅಂದರೆ ಆ ಐದು ನಿಮಿಷ. ಅದು ನಿಮ್ಮ ಯಾವ ಅಧ್ಯಾಯದಲ್ಲೂ ನನಗೆ ಸಿಗಲಿಲ್ಲ.

ಡ್ರಾಯಿಂಗ್ ಬದಲಾವಣೆಯ ಪಾಠವೂ ಹೀಗೇ ಅರ್ಧಕ್ಕೆ ನಿಂತಿದೆ. 1981ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನ ಒಳಗೆ ಚಾವಣಿಯಿಂದ ತೂಗುಬಿಟ್ಟ ಎರಡು ನಡೆಸೇತುವೆಗಳು ಕುಸಿದು 114 ಜನ ಸತ್ತರು. ಮೊದಲಿನ ಡ್ರಾಯಿಂಗಿನಲ್ಲಿ ಎರಡೂ ಸೇತುವೆಗಳನ್ನು ಒಂದೇ ಉದ್ದನೆಯ ಕಂಬಿಯಿಂದ ತೂಗುಹಾಕುವ ಯೋಜನೆ ಇತ್ತು. ಮಾಡಲು ಸುಲಭವಾಗಲಿ ಅಂತ ಅದನ್ನು ಎರಡು ತುಂಡು ಮಾಡಿದರು. ಕೆಳಗಿನ ಸೇತುವೆ ಮೇಲಿನ ಸೇತುವೆಗೆ ನೇತಾಡತೊಡಗಿತು. ಮೇಲಿನ ಸೇತುವೆಯ ಜೋಡಣೆಗೆ ಭಾರ ಎರಡರಷ್ಟಾಯಿತು. ನೋಡುವುದಕ್ಕೆ ಎಷ್ಟು ಸಣ್ಣ ಬದಲಾವಣೆ! ನಮ್ಮ ಸೈಟುಗಳಲ್ಲಿ ಇಂಥ ಬದಲಾವಣೆ ದಿನವೂ ಬಾಯಿಮಾತಿನಲ್ಲಿ ಆಗುತ್ತದೆ. ಪೈಪು ಅಡ್ಡ ಬಂತು ಅಂತ ಬೀಮಿನ ಕಂಬಿ ಸರಿಸುತ್ತಾರೆ, ಇಲ್ಲವೇ ಕತ್ತರಿಸುತ್ತಾರೆ. ಡಿಸೈನರ್‌ಗೆ ಕೇಳದೆ, ಬರವಣಿಗೆಯಲ್ಲಿ ಉತ್ತರ ಬಾರದೆ ಕೈ ಹಾಕಬಾರದು ಅಂತ ನಿಮ್ಮ ಪಠ್ಯ ಹೇಳುತ್ತದೆ. ಉತ್ತರ ಬರುವವರೆಗೆ ಕಂಬಿ ಕಟ್ಟುವ ಎಂಟು ಜನಕ್ಕೆ ಬೇರೆ ಯಾವ ಕೆಲಸ ಕೊಡಬೇಕು ಅಂತ ಯಾರೂ ಕಲಿಸುವುದಿಲ್ಲ. ಅದು ಗೊತ್ತಿಲ್ಲದವನು ಕಾಯುವುದಿಲ್ಲ, ಕತ್ತರಿಸುತ್ತಾನೆ. ಮುಂದಿನ ಮೂರು ವಾರದ ಕೆಲಸವನ್ನು ಪಟ್ಟಿ ಮಾಡಿ, ಒಂದು ನಿಂತರೆ ಯಾವುದನ್ನು ಮುಂದೆ ತರಬಹುದು ಅಂತ ಯೋಚಿಸುವುದು ಬಂದವನಿಗೆ ಮಾತ್ರ ಧೈರ್ಯವಾಗಿ ನಿಲ್ಲಿಸಲು ಆಗುತ್ತದೆ. ವೇಳಾಪಟ್ಟಿ ಮಾಡುವುದು ಬೇರೆ, ಸುರಕ್ಷತೆ ಬೇರೆ ಅಂತ ನೀವು ಎರಡು ಪುಸ್ತಕ ಮಾಡಿದ್ದೀರಿ. ಸೈಟಿನಲ್ಲಿ ಅವೆರಡೂ ಒಂದೇ.

ಇನ್ನೊಂದು ಮಾತು, ನನಗೆ ತುಂಬಾ ನೋವು ಕೊಡುವ ಮಾತು. ನಿಮ್ಮ ಸೈಟ್ ಮ್ಯಾನೇಜರ್ ಕೋರ್ಸಿಗೆ ಸೇರಲು ಇಂತಿಷ್ಟು ಓದಿರಬೇಕು ಅಂತ ನಿಯಮ ಇಟ್ಟಿದ್ದೀರಿ. ನನ್ನ ಜೊತೆ ಒಬ್ಬ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಅಚ್ಚು ಕಟ್ಟುವ) ಮೇಸ್ತ್ರಿ ಇದ್ದಾರೆ. ಆ ಅಚ್ಚಿನ ಕೆಳಗೆ ಆಸರೆಗೆ ನಿಲ್ಲಿಸಿದ ಜಾಕಿಯನ್ನು ಸುತ್ತಿಗೆಯಲ್ಲಿ ಒಮ್ಮೆ ತಟ್ಟಿ, ಅದರ ಸದ್ದು ಕೇಳಿಯೇ ಭಾರ ತಗೊಂಡಿದೆಯೋ ಇಲ್ಲವೋ ಅಂತ ಹೇಳುತ್ತಾರೆ. ಸ್ಲ್ಯಾಬಿನ ಜಾಕಿ ಬಿಚ್ಚುವಾಗ ನಡುವಿನಿಂದ ಶುರುಮಾಡಿ ಆಧಾರದ ಕಡೆಗೆ ಬರಬೇಕು, ಚಾಚಿದ ಸಜ್ಜಕ್ಕಾದರೆ ತುದಿಯಿಂದ ಒಳಗೆ ಬರಬೇಕು, ಇದನ್ನು ಅವರು ನನಗೆ ಕಲಿಸಿದ್ದು. ಯಾವ ಪುಸ್ತಕವನ್ನೂ ಅವರು ಓದಿಲ್ಲ. ಮೇಲ್ವಿಚಾರಕರಾಗಬೇಕು ಎಂಬ ಆಸೆಯಿಂದ ಅರ್ಜಿ ಹಾಕಿದರು. ಶಾಲೆಯ ಸರ್ಟಿಫಿಕೇಟ್ ಇಲ್ಲ ಅಂತ ವಾಪಸ್ ಬಂತು. ನಾಲ್ಕು ದಿನ ಸೈಟ್ ನೋಡಿದ ಹುಡುಗಿಗೆ ಸಿಕ್ಕ ಕಾಗದ ಮೂವತ್ತು ವರ್ಷ ದುಡಿದವರಿಗೆ ಸಿಗಲಿಲ್ಲ. ಇಬ್ಬರಿಗೂ ಅನ್ಯಾಯವೇ ಆಯಿತು. ಅವರ ಕೈಕೆಳಗೆ ಅವಳು ಒಂದು ವರ್ಷ ಕಲಿತಿದ್ದರೆ, ಅವಳಿಂದ ಅವರು ಲೆಕ್ಕ ಮತ್ತು ಡ್ರಾಯಿಂಗ್ ಓದುವುದನ್ನು ಕಲಿತಿದ್ದರೆ, ಇಬ್ಬರೂ ಎಷ್ಟು ಚೆನ್ನಾಗಿ ಬೆಳೆಯುತ್ತಿದ್ದರು!

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆಗಳು ಇವು.

ಸೈಟಿನ ದಿನಗಳನ್ನು ಸೈಟಿನಲ್ಲೇ ಲೆಕ್ಕ ಹಾಕಿ. ಪಾಯ ಅಗೆಯುವಾಗ, ಸ್ಲ್ಯಾಬ್ ಹಾಕುವಾಗ, ಸಾರುವೆ ಕಟ್ಟುವಾಗ, ಬಿಚ್ಚುವಾಗ ಅಭ್ಯರ್ಥಿ ಅಲ್ಲಿ ಇದ್ದನೇ ಅಂತ ನಿಮ್ಮ ಪರೀಕ್ಷಕರು ಬಂದು ನೋಡಲಿ. ಮುಂಚೆ ಹೇಳದೆ ಬಂದರೆ ಇನ್ನೂ ಒಳ್ಳೆಯದು. ಲಾಗ್‌ಬುಕ್ಕಿಗೆ ಸಹಿ ಹಾಕುವವರು ಆ ಪುಟದ ಬಗ್ಗೆ ಕನಿಷ್ಠ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಲಿ. ಕಲೆಯಾದ, ತಿದ್ದಿದ, ಮಳೆಗೆ ನೆನೆದ ಪುಸ್ತಕಕ್ಕೆ ಅಂಕ ಕಡಿಮೆ ಮಾಡಬೇಡಿ.

ಕೆಲಸ ನಿಲ್ಲಿಸುವುದನ್ನು ಒಂದು ಪರೀಕ್ಷೆಯಾಗಿ ಮಾಡಿ. ಒಬ್ಬ ಅನುಭವಿ ಮೇಸ್ತ್ರಿ, ಒಬ್ಬ ಅವಸರದ ಕಾಂಟ್ರಾಕ್ಟರ್, ಅವರ ನಡುವೆ ನಿಮ್ಮ ಅಭ್ಯರ್ಥಿ. ಅವರು ಒತ್ತಾಯ ಮಾಡಲಿ, ರೇಗಲಿ. ಅಭ್ಯರ್ಥಿ ಜಗಳ ಆಡದೆ, ಹೆದರದೆ, ಕಾರಣ ಹೇಳಿ, ಜನರನ್ನು ಮೇಲಕ್ಕೆ ಕರೆದು, ಬೇರೆ ಕೆಲಸಕ್ಕೆ ಹಚ್ಚುತ್ತಾನೋ ನೋಡಿ. ಒಂದು ಸಲದಲ್ಲಿ ಬರದಿದ್ದರೆ ಹತ್ತು ಸಲ ಮಾಡಿಸಿ. ಕೆಲಸಗಾರರು ಹಲವು ಭಾಷೆಯವರು ಇರುತ್ತಾರೆ. ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಲು ಬರುತ್ತದೆಯೇ ಎಂಬುದೂ ಆ ಪರೀಕ್ಷೆಯ ಭಾಗ ಆಗಲಿ.

ಕಲಿಯುವವರನ್ನು ಸೇರಿಸಿಕೊಳ್ಳುವ ಪ್ರತಿ ಕಂಪನಿಯಿಂದ ಒಂದು ಪತ್ರ ಬರೆಸಿಕೊಳ್ಳಿ. ‘ಅಪಾಯ ಕಂಡಾಗ ಈ ವ್ಯಕ್ತಿ ಕೆಲಸ ನಿಲ್ಲಿಸಬಹುದು, ಅದಕ್ಕಾಗಿ ಅವರಿಗೆ ಯಾವ ತೊಂದರೆಯೂ ಆಗುವುದಿಲ್ಲ’ ಅಂತ. ಇದು ಹೊಸ ಬೇಡಿಕೆ ಏನಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1988ರಲ್ಲಿ ಕಟ್ಟಡ ಕೆಲಸದ ಸುರಕ್ಷತೆಗಾಗಿಯೇ ಮಾಡಿದ 167ನೇ ಒಡಂಬಡಿಕೆಯಲ್ಲಿ, ಗಂಭೀರ ಅಪಾಯ ಎದುರಾದಾಗ ಅಲ್ಲಿಂದ ದೂರ ಸರಿಯುವ ಹಕ್ಕು ಕೆಲಸಗಾರನಿಗೆ ಇದೆ, ಕೆಲಸ ನಿಲ್ಲಿಸಲು ಮಾಲೀಕ ತಕ್ಷಣ ಕ್ರಮ ತೆಗೆದುಕೊಳ್ಳಬೇಕು ಅಂತ ಇದೆ. ಆ ಪತ್ರ ಕೊಡಲು ಒಪ್ಪದ ಕಂಪನಿಗೆ ನಿಮ್ಮ ಮಕ್ಕಳನ್ನು ಕಳುಹಿಸಬೇಡಿ.

ಅನುಭವಿಗಳಿಗೆ ಬಾಗಿಲು ತೆರೆಯಿರಿ. ಬರೆಯಲು ಬಾರದವರಿಗೆ ಬಾಯಿಯಲ್ಲಿ ಕೇಳಿ, ಕೈಯಲ್ಲಿ ಮಾಡಿಸಿ ನೋಡಿ. ಡ್ರಾಯಿಂಗ್ ಓದುವುದು, ಅಳತೆ ಪುಸ್ತಕ ಬರೆಯುವುದು, ಇಂಥವು ಎಲ್ಲಿ ಕಡಿಮೆ ಇದೆಯೋ ಅಷ್ಟನ್ನು ಮಾತ್ರ ಕಲಿಸಿ. ಅವರನ್ನೇ ತರಬೇತುದಾರರಾಗಿಯೂ ಕರೆಯಿರಿ, ಇತರ ತರಬೇತುದಾರರಿಗೆ ಕೊಡುವಷ್ಟೇ ಸಂಬಳ ಕೊಡಿ.

ಪ್ರಮಾಣಪತ್ರ ಕೊಟ್ಟು ಆರು ತಿಂಗಳಾದ ಮೇಲೆ ಅವರಿಗೆ ಒಂದು ಫೋನ್ ಮಾಡಿ. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬ ಲೆಕ್ಕ ನಿಮ್ಮ ಬಳಿ ಇದ್ದೇ ಇರುತ್ತದೆ. ಜೊತೆಗೆ ಇದನ್ನೂ ಕೇಳಿ: ಎಷ್ಟು ಸಲ ಕೆಲಸ ನಿಲ್ಲಿಸಿದಿರಿ? ನಿಲ್ಲಿಸಿದಾಗ ಏನಾಯಿತು? ನಿಲ್ಲಿಸಬೇಕಾಗಿತ್ತು, ಆದರೂ ನಿಲ್ಲಿಸಲಿಲ್ಲ ಅಂತ ಎಂದಾದರೂ ಅನ್ನಿಸಿತಾ? ಆ ಉತ್ತರಗಳನ್ನು ಮುಂದಿನ ತಂಡಕ್ಕೆ ಪಾಠ ಮಾಡಿ.

ಆ ಟ್ರೆಂಚಿನ ಹುಡುಗ ಈಗಲೂ ನನ್ನ ಜೊತೆಗೇ ಇದ್ದಾನೆ. ಕೆಲಸ ಬಿಟ್ಟು ಹೋಗುತ್ತೇನೆ ಅಂದಿದ್ದ, ನಾನು ಬಿಡಲಿಲ್ಲ. ಕಳೆದ ತಿಂಗಳು ಸಾರುವೆಯ ಒಂದು ಕಡೆ ಕೈಹಿಡಿ ಇಲ್ಲ ಅಂತ ಪ್ಲಾಸ್ಟರಿಂಗ್ ಮಾಡುತ್ತಿದ್ದ ಆರು ಜನರನ್ನು ಕೆಳಗೆ ಇಳಿಸಿದ. ಮೇಸ್ತ್ರಿ ನನ್ನ ಹತ್ತಿರ ದೂರು ತಂದರು. ಅವನು ಹೇಳಿದ್ದೇ ಸರಿ ಅಂದೆ. ಒಂದು ಗಂಟೆಯಲ್ಲಿ ಕೈಹಿಡಿ ಕಟ್ಟಿ ಕೆಲಸ ಮುಂದುವರಿಯಿತು. ನಿಮ್ಮ ಕೇಂದ್ರಗಳಿಗೆ ಬಂದು ಮಾತಾಡಲು ಅವನು ತಯಾರಿದ್ದಾನೆ, ನಾನೂ ಬರುತ್ತೇನೆ. ಕರೆಯಿರಿ. ನಿಮ್ಮ ಅಭ್ಯರ್ಥಿಗಳಿಗೆ ನಮ್ಮ ಸೈಟಿನ ಬಾಗಿಲು ತೆರೆದಿದೆ, ನಾನು ಮೇಲೆ ಕೇಳಿದ ಪತ್ರಕ್ಕೆ ನಮ್ಮ ಕಡೆಯಿಂದ ಈಗಾಗಲೇ ಸಹಿ ಆಗಿದೆ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,

ಒಬ್ಬ ಸೈಟ್ ಇನ್‌ಚಾರ್ಜ್